ಬೇಗಡೆಯ ಕಿರೀಟ, ಫೋಮಿನ ಕಿರೀಟ

2024ರ ದೀಪಾವಳಿ ಮುಗಿದ ವಾರ. ಪದವಿ ಓದಲೆಂದು ನಮ್ಮ ಮನೆಯಲ್ಲಿ ಉಳಿದುಕೊಂಡಿರುವ ನನ್ನ ಅಣ್ಣನ ಮೊಮ್ಮಗಳು ನನ್ನ ಓದಿನ ಮೇಜನ್ನು ಎರಡು ತಿಂಗಳ ಮಟ್ಟಿಗೆ ಬಿಟ್ಟುಕೊಡಬೇಕೆಂದು ಕೇಳಿದಳು. ಸರ್ಕಾರಿ ಸೇವೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದವನಿಗೆ ಯಾವ ಬೇಡಿಕೆ ಬಂದರೂ ಮೊದಲು ಉದ್ದೇಶ ಕೇಳುವುದು ಅಭ್ಯಾಸ. ಕೇಳಿದೆ. ವಿಡಿಯೊ ಗೇಮ್ ಒಂದರ ರಾಣಿಯ ಕಿರೀಟ, ಓಲೆ, ತೋಳ್ಬಂದಿ ಮತ್ತು ಭುಜಕವಚ ಮಾಡಬೇಕಾಗಿದೆ ಎಂದಳು. ಯಾರಿಗೆ ಎಂದೆ. ತನಗೇ ಎಂದಳು. ಎಷ್ಟು ದಿನ ಧರಿಸುವುದು ಎಂದೆ. ಜನವರಿಯಲ್ಲಿ ಒಂದು ದಿನ ಎಂದಳು. ಒಂದು ದಿನದ ಬಳಕೆಗೆ ಎರಡು ತಿಂಗಳ ದುಡಿಮೆ ಎಂಬ ಈ ಲೆಕ್ಕ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನಿಗೆ ಯಾವ ಕಡೆಯಿಂದ ಕೂಡಿದರೂ ತಾಳೆಯಾಗಲಿಲ್ಲ. ಆದರೂ ಮೇಜು ಬಿಟ್ಟುಕೊಟ್ಟೆ. ನಿವೃತ್ತನ ಮೇಜಿನ ಮೇಲೆ ತುರ್ತು ಕಡತಗಳೇನೂ ಇರುವುದಿಲ್ಲ.

ಕಥೆ, ಸಿನಿಮಾ, ಕಾಮಿಕ್ಸ್ ಅಥವಾ ವಿಡಿಯೊ ಗೇಮಿನ ಪಾತ್ರವೊಂದರ ವೇಷವನ್ನು ಸ್ವತಃ ಸಿದ್ಧಪಡಿಸಿ, ಧರಿಸಿ, ಸಮಾನಾಸಕ್ತರ ನಡುವೆ ಓಡಾಡುವ ಈ ಹವ್ಯಾಸಕ್ಕೆ ಕಾಸ್‌ಪ್ಲೇ ಎಂದು ಹೆಸರು. ಕಾಸ್ಟ್ಯೂಮ್ ಮತ್ತು ಪ್ಲೇ ಎಂಬ ಎರಡು ಇಂಗ್ಲಿಷ್ ಪದಗಳನ್ನು ಜಪಾನೀಯರು ಬೆಸೆದು ಮಾಡಿಕೊಂಡ ಶಬ್ದ ಇದು. 1983ರಲ್ಲಿ ತಕಹಾಶಿ ನೊಬುಯುಕಿ ಎಂಬ ಬರಹಗಾರ ನಿಯತಕಾಲಿಕವೊಂದರಲ್ಲಿ ಇದನ್ನು ಚಲಾವಣೆಗೆ ತಂದರು. ಹವ್ಯಾಸ ಮಾತ್ರ ಹೆಸರಿಗಿಂತ ಹಳೆಯದು. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವೈಜ್ಞಾನಿಕ ಕಥಾಸಾಹಿತ್ಯ ಸಮಾವೇಶಕ್ಕೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಾಸ್ ಎಂಬ ಇಬ್ಬರು ಭವಿಷ್ಯಕಾಲದ ಮನುಷ್ಯರಂತೆ ಉಡುಪು ತೊಟ್ಟು ಬಂದರೆಂಬುದು ದಾಖಲಾಗಿದೆ. ಇಬ್ಬರ ಉಡುಪನ್ನೂ ಹೊಲಿದವಳು ಆಕೆ. ಬಹುಕಾಲ ಹೆಸರು ಉಳಿದದ್ದು ಹೆಚ್ಚಾಗಿ ಆತನದು. ಕೈಕೆಲಸದ ಚರಿತ್ರೆಯಲ್ಲಿ ಇದು ಹೊಸ ಸಂಗತಿಯೇನಲ್ಲ. ಜಪಾನಿನ ನಗೋಯಾ ನಗರದಲ್ಲಿ 2003ರಿಂದ ವಿಶ್ವ ಮಟ್ಟದ ಕಾಸ್‌ಪ್ಲೇ ಸಮ್ಮೇಳನ ನಡೆಯುತ್ತಿದ್ದು, ಅಲ್ಲಿನ ವಿದೇಶಾಂಗ ಸಚಿವಾಲಯವೇ ಅದಕ್ಕೆ ಬೆಂಬಲ ನೀಡುತ್ತದೆ. ಬೆಂಗಳೂರಿಗೆ ಕಾಮಿಕ್ ಕಾನ್ ಬಂದದ್ದು 2012ರಲ್ಲಿ.

ನಮ್ಮ ಹುಡುಗಿ ಆರಿಸಿಕೊಂಡದ್ದು 2017ರಲ್ಲಿ ನಿಂಟೆಂಡೊ ಕಂಪನಿ ಹೊರತಂದ 'ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್' ಎಂಬ ಆಟದ ಉರ್ಬೋಸಾ ಎಂಬ ಪಾತ್ರವನ್ನು. ಮರುಭೂಮಿಯ ನಡುವೆ ಇರುವ ಗೆರುಡೊ ಎಂಬ ಸ್ತ್ರೀರಾಜ್ಯದ ನಾಯಕಿ ಈಕೆ. ಚಿಟಿಕೆ ಹೊಡೆದರೆ ಸಿಡಿಲು ಎರಗುತ್ತದೆ. ಆ ಊರಿಗೆ ಗಂಡಸರಿಗೆ ಪ್ರವೇಶವಿಲ್ಲವಾದ್ದರಿಂದ ಕಥಾನಾಯಕ ಸ್ತ್ರೀವೇಷ ಧರಿಸಿ ಒಳಹೋಗಬೇಕಾಗುತ್ತದೆ. ಇದನ್ನು ಕೇಳಿದಾಗ ಅರ್ಜುನನ ಬೃಹನ್ನಳೆಯ ವೇಷವೂ ಪ್ರಮೀಳೆಯ ರಾಜ್ಯವೂ ಒಟ್ಟಿಗೇ ನೆನಪಾದವು. ಆಟದ ಆ ಊರಿನಲ್ಲಿ ಒಂದು ಆಭರಣದ ಅಂಗಡಿಯೂ ಇದೆ. ಕಚ್ಚಾವಸ್ತುವಾದ ಬೆಣಚುಕಲ್ಲು ಸಿಗದೆ ಅಕ್ಕಸಾಲಿತಿ ಕೆಲಸ ನಿಲ್ಲಿಸಿ ಕುಳಿತಿರುತ್ತಾಳೆ. ಆಟಗಾರ ಹತ್ತು ಕಲ್ಲು ತಂದುಕೊಟ್ಟರೆ ಮಾತ್ರ ಅಂಗಡಿಯಲ್ಲಿ ಮತ್ತೆ ವ್ಯಾಪಾರ ನಡೆಯುತ್ತದೆ. ಅಲ್ಲಿ ಕೊಳ್ಳುವ ಮಾಣಿಕ್ಯದ ಪಟ್ಟಿ ಚಳಿಯಿಂದಲೂ ನೀಲಮಣಿಯ ಪಟ್ಟಿ ಬಿಸಿಲಿನಿಂದಲೂ ಪುಷ್ಯರಾಗದ ಓಲೆ ಸಿಡಿಲಿನಿಂದಲೂ ಕಾಪಾಡುತ್ತವಂತೆ. ನವರತ್ನದ ಉಂಗುರ ತೊಟ್ಟು ಕಚೇರಿಗೆ ಬರುತ್ತಿದ್ದ ನನ್ನ ಹಲವು ಸಹೋದ್ಯೋಗಿಗಳಿಗೆ ಈ ಕಲ್ಪನೆ ಅಪರಿಚಿತವೆನಿಸಲಾರದು. ಅಂದ ಹಾಗೆ, ಆ ಲೋಕದ ನಾಣ್ಯದ ಹೆಸರೂ 'ರುಪೀ'. ಹರಳಿನ ರೂಪದ ನಾಣ್ಯ ಅದು. ಹಸಿರು ಹರಳಿಗೆ 1, ನೀಲಿಗೆ 5, ಕೆಂಪಿಗೆ 20 ಎಂಬ ಬೆಲೆ. ನಮ್ಮ ರೂಪಾಯಿಗೆ ಜಪಾನಿನಲ್ಲಿ ಇಂಥ ಮಾನ್ಯತೆ ಇದೆಯೆಂಬುದು ನನಗೆ ಗೊತ್ತೇ ಇರಲಿಲ್ಲ.

ಇನ್ನು ಕೆಲಸದ ವಿಷಯಕ್ಕೆ ಬರುತ್ತೇನೆ. ಪರದೆಯ ಮೇಲಿನ ಆಭರಣಕ್ಕೆ ಭಾರವೂ ಇಲ್ಲ, ಹಿಂಬದಿಯೂ ಇಲ್ಲ. ಅದು ತಲೆಯ ಮೇಲೆ ಹೇಗೆ ನಿಲ್ಲುತ್ತದೆಂದು ಚಿತ್ರಿಸಿದ ಕಲಾವಿದ ಯೋಚಿಸಬೇಕಾಗಿಲ್ಲ. ಮಾಡುವವಳು ಯೋಚಿಸಬೇಕು. ಹುಡುಗಿ ಮೊದಲ ವಾರವಿಡೀ ಆಟದೊಳಗಿನ ದೃಶ್ಯಗಳನ್ನು ಮುಂದಿನಿಂದ, ಬದಿಯಿಂದ, ಹಿಂದಿನಿಂದ ಸೆರೆಹಿಡಿದು ಗೋಡೆಗೆ ಅಂಟಿಸಿಕೊಂಡಳು. ಬಳಿಕ ತನ್ನ ತಲೆಗೆ ಅಡುಗೆಮನೆಯ ಅಲ್ಯುಮಿನಿಯಂ ಹಾಳೆ ಸುತ್ತಿ, ಅದರ ಮೇಲೆ ಕಾಗದದ ಟೇಪ್ ಬಿಗಿದು, ಅದರ ಮೇಲೆ ಕಿರೀಟದ ರೇಖೆಗಳನ್ನು ಪೆನ್ನಿನಿಂದ ಬರೆಸಿಕೊಂಡಳು. ಬರೆದವನು ನಾನು. ಆ ಕವಚವನ್ನು ಕತ್ತರಿಸಿ ಬಿಡಿಸಿ ಮಟ್ಟಸವಾಗಿ ಹರಡಿದರೆ ದಪ್ಪ ಕಾಗದದ ಮೇಲೆ ಇಳಿಸಿಕೊಳ್ಳಬಹುದಾದ ಮಾದರಿ ಸಿದ್ಧವಾಗುತ್ತದೆ. ಗೋಳದ ಮೇಲ್ಮೈಯನ್ನು ಸಮತಲಕ್ಕೆ ಇಳಿಸುವ ಈ ಸಮಸ್ಯೆ ಭೂಪಟ ಬರೆಯುವವರನ್ನು ಶತಮಾನಗಳ ಕಾಲ ಕಾಡಿತ್ತು. ದರ್ಜಿಗಳೂ ಕಾಸ್‌ಪ್ಲೇ ಮಾಡುವವರೂ ಅದನ್ನು ಕತ್ತರಿಯಿಂದ ಬಗೆಹರಿಸಿಕೊಂಡಿದ್ದಾರೆ.

ಸಾಮಗ್ರಿಗಾಗಿ ಒಂದು ಶನಿವಾರ ಅವಳೊಂದಿಗೆ ಪೇಟೆಗೆ ಹೋದೆ. ಈ ವಿದ್ಯೆಯಲ್ಲಿ ವಿದೇಶದವರು ಬಹುವಾಗಿ ಬಳಸುವ ವರ್ಬ್ಲಾ ಎಂಬ ಜರ್ಮನ್ ಪ್ಲಾಸ್ಟಿಕ್ ಹಾಳೆಯೊಂದಿದೆ. ಸುಮಾರು 90 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅದು ಹಪ್ಪಳದ ಹಿಟ್ಟಿನಂತೆ ಮೆದುವಾಗಿ ಬೇಕಾದ ಆಕಾರ ತಳೆದು, ತಣಿದಾಗ ಗಟ್ಟಿಯಾಗುತ್ತದೆ. ಆಮದಿನ ಮಾಲಾದ್ದರಿಂದ ಬೆಲೆ ವಿದ್ಯಾರ್ಥಿಗಳ ಕೈಗೆ ನಿಲುಕುವಂಥದ್ದಲ್ಲ. ನಮ್ಮವರು ನೆಚ್ಚಿಕೊಂಡಿರುವುದು ಇ.ವಿ.ಎ. ಫೋಮ್ ಹಾಳೆಯನ್ನು, ಅಂದರೆ ಎಥಿಲೀನ್ ವಿನೈಲ್ ಅಸಿಟೇಟ್ ಎಂಬ ಹಗುರ ಸ್ಪಂಜಿನಂಥ ವಸ್ತುವನ್ನು. ಮಕ್ಕಳ ಕೋಣೆಯ ನೆಲಕ್ಕೆ ಹಾಸುವ ಬಣ್ಣದ ಚೌಕಗಳೂ ಓಟದ ಬೂಟಿನ ಮೆತ್ತನೆಯ ಅಡಿಯೂ ಇದರಿಂದಲೇ ತಯಾರಾಗುತ್ತವೆ. 2 ಮಿಲಿಮೀಟರಿನದು ಅಲಂಕಾರದ ಬಳ್ಳಿಗೆ, 5 ಮಿಲಿಮೀಟರಿನದು ಕಿರೀಟದ ಮೈಗೆ, 10 ಮಿಲಿಮೀಟರಿನದು ಭುಜಕವಚಕ್ಕೆ. ಅಂಟಿಗಾಗಿ ಕೊಂಡದ್ದು ಪಾದರಕ್ಷೆ ಹೊಲಿಯುವವರು ಬಳಸುವ ರಬ್ಬರ್ ಅಂಟು. ಎಸ್.ಪಿ. ರಸ್ತೆಯಲ್ಲಿ ಬಿಸಿಗಾಳಿಯ ಬಂದೂಕು ಸಿಕ್ಕಿತು. ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿನಲ್ಲಿ ಮಣಿ, ಸರಪಳಿ, ಕೊಂಡಿ, ಕಿವಿಯ ತಿರುಪು. ಅಂಗಡಿಯವರು ಹುಡುಗಿಯ ಮೊಬೈಲಿನಲ್ಲಿದ್ದ ಚಿತ್ರವನ್ನು ಕಣ್ಣು ಕಿರಿದುಗೊಳಿಸಿ ನೋಡಿ, ಭರತನಾಟ್ಯವೋ ಮದುವೆಯೋ ಎಂದು ವಿಚಾರಿಸಿದರು. ಎರಡೂ ಅಲ್ಲವೆಂದಾಗ ನಾಟಕವಿರಬೇಕೆಂದು ತಾವೇ ತೀರ್ಮಾನಿಸಿ, ನಾಟಕದವರಿಗೆ ಕೊಡುವ ದರ ಹಾಕಿದರು. ಒಟ್ಟು ಖರ್ಚು 3,460 ರೂಪಾಯಿ. ಇದರಲ್ಲಿ ಬಿಸಿಗಾಳಿಯ ಬಂದೂಕಿನದೇ ಮೂರನೆಯ ಒಂದು ಪಾಲಿಗಿಂತ ಹೆಚ್ಚು.

ಫೋಮಿನ ಗುಣವೆಂದರೆ ಬಿಸಿಗಾಳಿ ತಾಗಿದೊಡನೆ ಅದರ ಮೇಲ್ಮೈಯ ಸಣ್ಣ ರಂಧ್ರಗಳು ಮುಚ್ಚಿಕೊಂಡು ಒಂದು ಬಗೆಯ ಹೊಳಪು ಬರುತ್ತದೆ. ಆ ಕ್ಷಣದಲ್ಲಿ ಬಾಗಿಸಿ ಹಿಡಿದು ತಣಿಯಲು ಬಿಟ್ಟರೆ ಬಾಗು ಉಳಿಯುತ್ತದೆ. ಒಂದು ಕ್ಷಣ ಹೆಚ್ಚಾದರೆ ಹಪ್ಪಳ ಸುಟ್ಟಂತೆ ಸುರುಟಿಕೊಳ್ಳುತ್ತದೆ. ಇದನ್ನು ನಾನು ಪುಸ್ತಕದಿಂದ ತಿಳಿದದ್ದಲ್ಲ. ಅವಳು ಪರೀಕ್ಷೆಗೆ ಹೋಗಿದ್ದ ಒಂದು ಬೆಳಿಗ್ಗೆ ಸಹಾಯ ಮಾಡುವ ಉತ್ಸಾಹದಲ್ಲಿ ನಾನೇ ಕಿರೀಟದ ಮುಂಭಾಗಕ್ಕೆ ಬಿಸಿಗಾಳಿ ಹಿಡಿದೆ. ಐದು ದಿನ ಕತ್ತರಿಸಿ, ಉಜ್ಜಿ, ಕೂಡಿಸಿದ ಬಳ್ಳಿಯ ಕೆಲಸ ನನ್ನ ಕಣ್ಣೆದುರೇ ಮುದುಡಿತು. ಸಂಜೆ ಬಂದವಳು ನೋಡಿದಳು, ಏನೂ ಅನ್ನಲಿಲ್ಲ. ಮಾದರಿಯ ಕಾಗದ ಇದೆಯಲ್ಲ ಚಿಕ್ಕಜ್ಜ ಎಂದು ಹೊಸ ಹಾಳೆ ತೆಗೆದಳು. ಮರುದಿನದಿಂದ ನನಗೆ ಕೊಟ್ಟ ಕೆಲಸ ಮರಳುಕಾಗದದಿಂದ ಅಂಚು ಉಜ್ಜುವುದು. ಬಡ್ತಿ ಸಿಕ್ಕಿದ್ದು ಮೂರು ವಾರದ ನಂತರ.

ಆಕಾರ ನಿಂತ ಮೇಲೆ ತೆಳು ಮಾಡಿದ ಬಿಳಿ ಅಂಟನ್ನು ನಾಲ್ಕೈದು ಸಲ ಬಳಿದು ಮೈಯನ್ನು ನುಣುಪುಗೊಳಿಸಬೇಕು. ಅದರ ಮೇಲೆ ಕಪ್ಪು. ಚಿನ್ನಕ್ಕೆ ಕಪ್ಪೇಕೆಂದು ಕೇಳಿದೆ. ಕೆಳಗೆ ಕಪ್ಪಿಲ್ಲದೆ ಮೇಲಿನ ಚಿನ್ನದ ಬಣ್ಣಕ್ಕೆ ಆಳ ಬರುವುದಿಲ್ಲ ಎಂದಳು. ಚಿನ್ನದ ಬಣ್ಣ ಒಣಗಿದ ಬಳಿಕ ನೀರಾದ ಕಂದು ಬಣ್ಣವನ್ನು ಪೂರಾ ಬಳಿದು ಕೂಡಲೇ ಒರೆಸಿಬಿಡುತ್ತಾರೆ. ಬಳ್ಳಿಗಳ ಸಂದಿಯಲ್ಲಿ ಮಾತ್ರ ಅದು ಉಳಿದು, ತಲೆಮಾರುಗಳಿಂದ ಪೆಟ್ಟಿಗೆಯಲ್ಲಿದ್ದ ಒಡವೆಯ ಮಾಸಲು ಬರುತ್ತದೆ. ಹೊಸದನ್ನು ಹಳೆಯದಾಗಿಸುವ ಈ ಶ್ರಮ ನನಗೆ ಎಲ್ಲಕ್ಕಿಂತ ಕೌತುಕದ್ದೆನಿಸಿತು. ಹರಳುಗಳನ್ನು ಎಪಾಕ್ಸಿ ರಾಳದಿಂದ ಎರಕ ಹೊಯ್ಯುತ್ತಾರೆ. ಎರಡು ದ್ರವಗಳನ್ನು ನಿಗದಿತ ಪ್ರಮಾಣದಲ್ಲಿ ಬೆರೆಸಿ, ಬಣ್ಣ ಕಲಸಿ, ಸಿಲಿಕೋನ್ ಅಚ್ಚಿಗೆ ಸುರಿದು ಒಂದು ದಿನ ಬಿಡಬೇಕು. ಅವಳ ಮೊದಲ ತಂಡದ ಹರಳುಗಳು ಕಣ್ಣಂದಾಜಿನ ಅಳತೆಯಿಂದಾಗಿ ಒಣಗದೆ ಹಲಸಿನ ಮೇಣದಂತೆ ಅಂಟಂಟಾಗಿ ಉಳಿದವು. ಎರಡನೆಯ ಸಲ ನನ್ನ ಮಡದಿಯ ಅಡುಗೆಮನೆಯ ತಕ್ಕಡಿ ಬಂತು. ಹರಳಿನ ಹಿಂದೆ ಚಾಕೊಲೇಟಿನ ಬೆಳ್ಳಿ ಕಾಗದ ಇಟ್ಟಾಗ ನೀಲಿ ಹರಳು ಒಳಗಿನಿಂದ ದೀಪ ಹಚ್ಚಿದಂತೆ ಬೆಳಗಿತು. ರಾಜಸ್ಥಾನದ ಕುಂದಣದ ಕೆಲಸದಲ್ಲಿ ಹರಳಿನ ಕೆಳಗೆ ಬೆಳ್ಳಿಯ ತಗಡು ಇಡುವುದು ಇದೇ ಕಾರಣಕ್ಕೆ.

ಆ ಬೆಳ್ಳಿ ಕಾಗದ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣವನ್ನು ಓದುಗರಲ್ಲಿ ಮುಚ್ಚಿಡುವುದಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕರಾವಳಿಯ ಒಂದು ಉಪವಿಭಾಗದಲ್ಲಿ ಕೆಲಸದಲ್ಲಿದ್ದೆ. ಸಮಗ್ರ ಗ್ರಾಮೀಣ ಅಭಿವೃದ್ಧಿ ಯೋಜನೆಯಡಿ ಸಹಾಯಧನ ಸಹಿತ ಸಾಲಕ್ಕೆ ಫಲಾನುಭವಿಗಳನ್ನು ಆರಿಸುವ ಸಮಿತಿಯಲ್ಲಿ ನಾನೂ ಒಬ್ಬ. ಎಮ್ಮೆ, ಹೊಲಿಗೆ ಯಂತ್ರ, ಚಹಾದ ಅಂಗಡಿ ಇವೇ ಅರ್ಜಿಗಳ ನಡುವೆ ಒಂದು ಅರ್ಜಿ ಯಕ್ಷಗಾನದ ಆಭರಣ ಮಾಡುವ ಮುದುಕನದು. ಬಡಗುತಿಟ್ಟಿನ ಕಿರೀಟ, ಎದೆಕಟ್ಟು, ಭುಜಕೀರ್ತಿ, ತೋಳ್ಕಟ್ಟು, ಕರ್ಣಕುಂಡಲಗಳನ್ನು ಹಗುರ ಜಾತಿಯ ಮರದಲ್ಲಿ ಕೆತ್ತಿ, ಮೇಲೆ ಚಿನ್ನದ ಬಣ್ಣದ ಬೇಗಡೆ ಅಂಟಿಸಿ, ನಡುನಡುವೆ ಕನ್ನಡಿಯ ಚೂರು ಕೂರಿಸುತ್ತಾರೆ. ದೊಂದಿಯ ಬೆಳಕಿಗೆ ಹೊಳೆಯಬೇಕು, ರಾತ್ರಿಯಿಡೀ ಕುಣಿಯುವವನ ಕುತ್ತಿಗೆಗೆ ಭಾರವಾಗಬಾರದು; ಈ ಎರಡು ಷರತ್ತುಗಳಿಂದ ಹುಟ್ಟಿದ ವಿದ್ಯೆ ಅದು. ಆತ ಒಂದು ಕಿರೀಟವನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಸಾಹೇಬರು ನೋಡಬೇಕೆಂದು ಮೇಜಿನ ಮೇಲಿಟ್ಟು, ಅದನ್ನು ಮಗುಚಿ ಒಳಭಾಗವನ್ನು ತೋರಿಸಲು ತೊಡಗಿದ. ನನಗೆ ಆ ದಿನ ಇನ್ನೂ ಎಪ್ಪತ್ತು ಅರ್ಜಿಗಳಿದ್ದವು. ಮುಂಭಾಗ ನೋಡಿದ್ದಾಯಿತು, ಸಾಕು ಎಂದೆ. ಮೇಳಗಳು ಎಷ್ಟು, ವರ್ಷಕ್ಕೆ ಎಷ್ಟು ಕಿರೀಟ ಹೋಗುತ್ತದೆ ಎಂದು ಕೇಳಿದೆ. ಒಂದು ಕಿರೀಟ ಬಹಳ ವರ್ಷ ಬಾಳುತ್ತದೆ ಎಂದು ಆತ ಹೆಮ್ಮೆಯಿಂದಲೇ ಹೇಳಿದ. ಅದೇ ಅವನಿಗೆ ಮುಳುವಾಯಿತು. ಮಾರುಕಟ್ಟೆ ಸೀಮಿತ, ಬೇಡಿಕೆ ಮರುಕಳಿಸುವುದಿಲ್ಲ, ಉದ್ಯಮ ಆರ್ಥಿಕವಾಗಿ ಕಾರ್ಯಸಾಧುವಲ್ಲ ಎಂದು ಮೂರು ಸಾಲಿನ ಷರಾ ಬರೆದವನು ನಾನು. ನನ್ನ ಎಂ.ಎ. ಪದವಿಗೆ ಚ್ಯುತಿ ತರುವ ಒಂದು ಶಬ್ದವೂ ಅದರಲ್ಲಿ ಇರಲಿಲ್ಲ. ಆ ವರ್ಷ ಸಾಲ ಪಡೆದ ಎಮ್ಮೆಗಳಲ್ಲಿ ಕೆಲವು ಕಾಗದದ ಮೇಲೆ ಮಾತ್ರ ಹಾಲು ಕೊಟ್ಟವೆಂಬುದು ನಂತರ ತಿಳಿಯಿತು.

ಹುಸಿ ಒಡವೆಯ ಅರ್ಥಶಾಸ್ತ್ರವನ್ನು ನಾವು ಎಂದೂ ಸರಿಯಾಗಿ ಓದಲಿಲ್ಲವೆಂದು ಈಗ ಅನಿಸುತ್ತದೆ. ಚರಿತ್ರೆಯಲ್ಲಿ ಅದು ಸಣ್ಣ ವ್ಯಾಪಾರವೇನಲ್ಲ. ಗಾಜಿನ ಹುಸಿ ವಜ್ರ ಮಾಡಿದ ಜಾರ್ಜ್ ಫ್ರೆಡರಿಕ್ ಸ್ಟ್ರಾಸ್ 1734ರಲ್ಲಿ ಫ್ರಾನ್ಸಿನ ದೊರೆಯ ಆಭರಣಕಾರನಾದ. ಯುರೋಪಿನ ಹಲವು ಭಾಷೆಗಳಲ್ಲಿ ಇಂದಿಗೂ ಅಂಥ ಹರಳಿಗೆ ಅವನದೇ ಹೆಸರು. ಗಾಜು ಕೊರೆಯುವ ಯಂತ್ರಕ್ಕೆ 1892ರಲ್ಲಿ ಪೇಟೆಂಟ್ ಪಡೆದ ಡೇನಿಯಲ್ ಸ್ವರೊವ್‌ಸ್ಕಿ ಮೂರು ವರ್ಷಗಳ ಬಳಿಕ ಆಸ್ಟ್ರಿಯಾದ ವಾಟೆನ್ಸ್‌ನಲ್ಲಿ ಕಟ್ಟಿದ ಕಾರ್ಖಾನೆ ಇಂದಿಗೂ ನಡೆಯುತ್ತಿದೆ. 1920ರ ದಶಕದಲ್ಲಿ ಕೊಕೊ ಶನೆಲ್ ಹುಸಿ ಮುತ್ತಿನ ಸರವನ್ನು ಸಿರಿವಂತರ ಕೊರಳಿಗೇ ಹಾಕಿದರು. ನಮ್ಮಲ್ಲಿ ಮಚಲೀಪಟ್ಟಣದ ಬಳಿಯ ಚಿಲಕಲಪೂಡಿಯ ಹೆಸರನ್ನು ರೋಲ್ಡ್‌ಗೋಲ್ಡ್ ಒಡವೆ ತೊಟ್ಟ ಪ್ರತಿ ಮನೆಯವರೂ ಬಲ್ಲರು. ಅಸಲಿ ಚಿನ್ನದ ವಿಷಯದಲ್ಲಿ ಮಾತ್ರ ಸರ್ಕಾರ ವಿಪರೀತ ಆಸಕ್ತಿ ವಹಿಸಿತು. ಚೀನಾ ಯುದ್ಧದ ಹಿಂದೆಯೇ, 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿ ಅರ್ಥಸಚಿವರಾಗಿದ್ದಾಗ, 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧತೆಯ ಹೊಸ ಆಭರಣ ತಯಾರಿಸುವಂತಿಲ್ಲವೆಂಬ ನಿರ್ಬಂಧ ಬಂತು. 1968ರಲ್ಲಿ ಅದಕ್ಕೊಂದು ಪ್ರತ್ಯೇಕ ಕಾಯ್ದೆಯಾಯಿತು, 1990ರಲ್ಲಿ ಕಾಯ್ದೆ ರದ್ದಾಯಿತು. ಜನರ ಚಿನ್ನದ ಮೋಹ ಇದರಿಂದ ಎಳ್ಳಷ್ಟೂ ಕರಗಲಿಲ್ಲ. ಕುಲುಮೆ ಆರಿದ್ದು ಊರೂರ ಅಕ್ಕಸಾಲಿಗರದು. ನನ್ನ ಬಾಲ್ಯದಲ್ಲಿ ನಮ್ಮ ಬೀದಿಯ ಅಕ್ಕಸಾಲಿಗರೊಬ್ಬರು ಗಡಿಯಾರ ರಿಪೇರಿಯ ಅಂಗಡಿ ಇಟ್ಟಿದ್ದರು. ಯಾಕೆಂದು ಆಗ ಕೇಳುವ ವಯಸ್ಸಲ್ಲ.

ಥಾರ್ಸ್ಟೈನ್ ವೆಬ್ಲೆನ್ 1899ರಲ್ಲಿ ಬರೆದ ಗ್ರಂಥದಲ್ಲಿ ಪ್ರದರ್ಶನಕ್ಕಾಗಿ ಮಾಡುವ ವ್ಯಯದ ವಿಚಾರ ಬರುತ್ತದೆ. ವಸ್ತುವಿನ ಸೊಗಸಿಗಿಂತ ಅದರ ದುಬಾರಿತನವೇ ಮೆರೆಯುವ ಕಾರಣವಾಗುತ್ತದೆಂಬುದು ಅವರ ವಾದ. ಮದುವೆ ಮಂಟಪದಲ್ಲಿ ಹುಸಿ ಸರ ತೊಟ್ಟವರು ಅಸಲಿಯೆಂದು ನಂಬಿಸುವ ಆತಂಕದಲ್ಲಿರುತ್ತಾರೆ. ಅಸಲಿ ತೊಟ್ಟವರಿಗೆ ಕಳ್ಳರ ಆತಂಕ. ಕಾಸ್‌ಪ್ಲೇ ಮಾಡುವವರ ನಡುವೆ ಎರಡೂ ಇಲ್ಲ. ಇದು ಫೋಮ್, ಇದು ರಾಳ ಎಂದು ಎಲ್ಲರಿಗೂ ಗೊತ್ತು. ಮೆಚ್ಚುಗೆಯ ಮೊದಲ ಮಾತೇ 'ಇದನ್ನು ಯಾವುದರಿಂದ ಮಾಡಿದೆ' ಎಂಬುದು. ಗುಟ್ಟು ಬಿಟ್ಟುಕೊಡುವುದಕ್ಕೆ ಯಾರೂ ಹಿಂಜರಿಯುವುದಿಲ್ಲ. ಹುಡುಗಿಯ ಕಿರೀಟ ಅಡುಗೆಮನೆಯ ತಕ್ಕಡಿಯಲ್ಲಿ 140 ಗ್ರಾಂ ತೂಗಿತು. ಚಿನ್ನ ನೀರಿಗಿಂತ 19 ಪಟ್ಟು ಸಾಂದ್ರ. ಅಷ್ಟೇ ಗಾತ್ರದ ಕಿರೀಟ ಗಟ್ಟಿ ಚಿನ್ನದಲ್ಲಿದ್ದರೆ ಯಾವ ರಾಣಿಯ ಕತ್ತೂ ತಡೆಯಲಾರದು.

ಹಾಗೆಂದು ಈ ಹವ್ಯಾಸದಲ್ಲಿ ಎಲ್ಲವೂ ಸೊಗಸೆಂದು ನಾನು ಹೇಳಲಾರೆ. ರಬ್ಬರ್ ಅಂಟಿನ ಆವಿ ತಲೆ ಸುತ್ತಿಸುತ್ತದೆ. ಕಿಟಕಿ ತೆರೆದಿಡದೆ ಕೆಲಸ ಮಾಡಕೂಡದು. ಎಪಾಕ್ಸಿ ರಾಳ ಗಟ್ಟಿಯಾಗುವ ಮೊದಲು ಚರ್ಮಕ್ಕೆ ಪದೇ ಪದೇ ತಾಗಿದರೆ ಜೀವಮಾನದ ಅಲರ್ಜಿಯಾಗುವ ಸಂಭವವಿದೆ. ಕೋವಿಡ್ ಕಾಲದ ಎನ್-95 ಮುಖಗವಸು ಫೋಮ್ ಉಜ್ಜುವಾಗಿನ ಧೂಳಿಗೆ ಸರಿ, ರಾಸಾಯನಿಕ ಆವಿಗೆ ನಿಷ್ಪ್ರಯೋಜಕ. ಅದಕ್ಕೆ ಇಂಗಾಲದ ಡಬ್ಬಿಯಿರುವ ಬೇರೆ ಮುಖವಾಡವೇ ಬೇಕು. ಪೇಟೆಯಲ್ಲಿ ಸಿಗುವ ಅಗ್ಗದ ಓಲೆಯ ಕೊಕ್ಕೆಯಲ್ಲಿ ನಿಕ್ಕಲ್ ಇದ್ದರೆ ಕಿವಿ ಕೆರೆದು ಹುಣ್ಣಾಗುತ್ತದೆ. ಯುರೋಪಿನ ದೇಶಗಳು 1994ರಲ್ಲಿಯೇ ಇದಕ್ಕೆ ಮಿತಿ ಹಾಕಿದವು. ಮೈಗೆ ತಾಗುವ ಈ ಬಗೆಯ ಸಾಮಾನಿನ ಪೊಟ್ಟಣದ ಮೇಲೆ ಯಾವ ಲೋಹವೆಂದು ಬರೆದಿರುವುದನ್ನು ನಮ್ಮ ಪೇಟೆಯಲ್ಲಿ ಆ ದಿನ ನಾನು ಒಂದೂ ಕಾಣಲಿಲ್ಲ. ಮನೆಯಲ್ಲಿ ಮಕ್ಕಳು ಇಂಥ ಕೆಲಸಕ್ಕೆ ಕುಳಿತರೆ ಹಿರಿಯರು ಸಮಯ ವ್ಯರ್ಥವೆಂದು ಬೈಯುವುದನ್ನು ಬಿಟ್ಟು ಕೈಗವಸು ತಂದುಕೊಡುವುದು ಲೇಸು.

ಇನ್ನೊಂದು ಪ್ರಶ್ನೆಯೂ ಇದೆ. ಉರ್ಬೋಸಾಳ ರೂಪ ಒಂದು ಕಂಪನಿಯ ಸ್ವತ್ತು. ಅವಳ ಕಿರೀಟ ಮಾಡಿ ಧರಿಸುವುದನ್ನು ಕಂಪನಿಗಳು ಸಾಮಾನ್ಯವಾಗಿ ಆಕ್ಷೇಪಿಸುವುದಿಲ್ಲ. ಮಾಡಿ ಮಾರಿದರೆ ಮಾತು ಬೇರೆ. ಜಪಾನ್ ಸರ್ಕಾರವೇ 2021ರಲ್ಲಿ ವೃತ್ತಿಪರ ಕಾಸ್‌ಪ್ಲೇಯ ಹಕ್ಕುಸ್ವಾಮ್ಯದ ಬಗ್ಗೆ ಯೋಚನೆಗೆ ತೊಡಗಿತ್ತು. ಭೀಮನ ಕಿರೀಟಕ್ಕೂ ಬಬ್ರುವಾಹನನ ಕೇದಗೆ ಮುಂದಲೆಗೂ ಯಾರ ಪೇಟೆಂಟೂ ಇಲ್ಲ. ಅದನ್ನು ಮಾಡಬಲ್ಲ ಕೈಗಳು ಮಾತ್ರ ಎಷ್ಟು ಉಳಿದಿವೆಯೋ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳ ಪಟ್ಟಿಯಿದೆ. ಶೇ 5ರ ಬಡ್ಡಿಗೆ ಮೊದಲು ಒಂದು ಲಕ್ಷ, ಬಳಿಕ ಎರಡು ಲಕ್ಷ ರೂಪಾಯಿ ಸಾಲ. ತರಬೇತಿಯ ದಿನಗಳಿಗೆ 500 ರೂಪಾಯಿ ಭತ್ಯೆ. ಉಪಕರಣಕ್ಕೆ 15,000 ರೂಪಾಯಿ. ಅಕ್ಕಸಾಲಿಗ, ಬಡಗಿ, ಬೊಂಬೆ ಮಾಡುವವ, ಹೂಮಾಲೆ ಕಟ್ಟುವವ ಎಲ್ಲರೂ ಪಟ್ಟಿಯಲ್ಲಿದ್ದಾರೆ. ರಂಗದ ಆಭರಣ ಮಾಡುವವನ ಹೆಸರು ಅಲ್ಲಿಲ್ಲ. ಬಡಗಿಯೆಂದೋ ಬೊಂಬೆಯವನೆಂದೋ ಬರೆಸಿಕೊಂಡು ಒಳಬರಬೇಕು. ಪಟ್ಟಿಯಲ್ಲಿ ಹೆಸರಿಲ್ಲದವನ ಅರ್ಜಿಯನ್ನು ಮೇಜಿನ ಈಚೆ ಕುಳಿತವನು ಹೇಗೆ ಓದುತ್ತಾನೆಂಬುದನ್ನು ನಾನು ಬಲ್ಲೆ. ಸೇರಿಸಬೇಕಾದದ್ದು ಒಂದು ಸಾಲು ಅಷ್ಟೆ.

ಆ ಮುದುಕನ ವಿಚಾರ ತಿಳಿಯಲು ಡಿಸೆಂಬರಿನಲ್ಲಿ ಆ ಊರಿನ ಹಳೆಯ ಪರಿಚಯಸ್ಥರಿಗೆ ಫೋನು ಮಾಡಿದೆ. ಆತ ತೀರಿಕೊಂಡು ಬಹಳ ವರ್ಷಗಳಾದುವಂತೆ. ಮಗ ರಿಕ್ಷಾ ಓಡಿಸುತ್ತಾನಂತೆ. ಉಳಿಗಳು ಅಟ್ಟದ ಮೇಲಿವೆಯಂತೆ. ಸಾಲ ಸಿಕ್ಕಿದ್ದರೆ ಕಥೆ ಬೇರೆಯಾಗುತ್ತಿತ್ತೆಂದು ಪ್ರಮಾಣ ಮಾಡಿ ಹೇಳಲು ನನ್ನಿಂದಾಗದು. ರಿಕ್ಷಾದಲ್ಲಿ ಸಂಪಾದನೆ ಹೆಚ್ಚಿರಲೂಬಹುದು. ಆದರೆ ನಾನು ಅಂದು ಲೆಕ್ಕ ಹಾಕಿದ್ದು ಕಿರೀಟಗಳನ್ನು ಮಾತ್ರ. ಮಾಡುವುದಕ್ಕೆ ಬೇಕಾದ ತಿಳಿವಳಿಕೆಗೆ ನನ್ನ ನಮೂನೆಯಲ್ಲಿ ಅಂಕಣವಿರಲಿಲ್ಲ.

2025ರ ಜನವರಿಯಲ್ಲಿ ವೈಟ್‌ಫೀಲ್ಡಿನ ಕಾಮಿಕ್ ಕಾನ್‌ಗೆ ನಾನೂ ಹೋದೆ. ಖಡ್ಗ ಮಾಡಿರಲಿಲ್ಲ, ಮೆಟ್ರೊದ ತಪಾಸಣೆಯಲ್ಲಿ ನಿಂತು ಅದು ಫೋಮಿನದೆಂದು ವಾದಿಸುವ ಚೈತನ್ಯ ನನಗಿಲ್ಲವೆಂದು ಮೊದಲೇ ಹೇಳಿದ್ದೆ. ಸಭಾಂಗಣದ ತುಂಬ ರಾಕ್ಷಸರು, ಯೋಧರು, ರೋಬಾಟುಗಳು. ಕೆಂಪು ಕೂದಲಿನ ಟೋಪಿ, ನೀಲಿ ಲಂಗ, ಮೇಲೆ ಆ ಕಿರೀಟ, ಕಿವಿಯಲ್ಲಿ ಅಂಗೈಯಗಲದ ಓಲೆ ಧರಿಸಿ ಹುಡುಗಿ ಸಾಲಿನಲ್ಲಿ ನಿಂತಳು. ತೀರ್ಪುಗಾರರಲ್ಲಿ ಒಬ್ಬಾಕೆ ಕಿರೀಟವನ್ನು ಕೈಗೆ ತೆಗೆದುಕೊಂಡವಳು ಮುಂಭಾಗವನ್ನು ಹೆಚ್ಚು ಹೊತ್ತು ನೋಡಲಿಲ್ಲ. ಮಗುಚಿದಳು. ಒಳಗಿನ ಕೂಡುಗೆರೆ, ಅಂಟಿನ ಅಂಚು, ಹಣೆಗೆ ಉಜ್ಜದಂತೆ ಹೊಲಿದ ಬಟ್ಟೆಯ ಪಟ್ಟಿ, ಹಿಂದೆ ಬಿಗಿಯುವ ದಾರ, ಒಂದೊಂದನ್ನೂ ಬೆರಳಾಡಿಸಿ ನೋಡಿದಳು. ಕೆಲಸದ ಹದ ಹಿಂಬದಿಯಲ್ಲಿ ತಿಳಿಯುತ್ತದೆಂದು ಹುಡುಗಿ ಆಮೇಲೆ ವಿವರಿಸಿದಳು. ನಾನು ಹೂಂ ಎಂದೆ. ಮೂವತ್ತು ವರ್ಷಗಳ ಹಿಂದೆ ಒಬ್ಬಾತ ಮಗುಚಿ ತೋರಿಸಹೊರಟಿದ್ದ ಕಿರೀಟದ ಒಳಗೆ ಏನಿತ್ತೆಂಬುದು ನನಗಿನ್ನು ತಿಳಿಯುವ ಹಾಗಿಲ್ಲ.

ಬಹುಮಾನವೇನೂ ಬರಲಿಲ್ಲ. ಅವಳಿಗೆ ಅದರ ಚಿಂತೆಯೂ ಇದ್ದಂತಿರಲಿಲ್ಲ. ನಾಲ್ಕೈದು ಮಂದಿ ಅಪರಿಚಿತ ಹುಡುಗಿಯರು ಹರಳಿನ ಎರಕದ ವಿಧಾನ ಬರೆದುಕೊಂಡು ಹೋಗಿದ್ದರು. ಹಿಂತಿರುಗುವಾಗ ನೇರಳೆ ಮಾರ್ಗದ ಮೆಟ್ರೊದಲ್ಲಿ ಕಿರೀಟವಿದ್ದ ರಟ್ಟಿನ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಮುಚ್ಚಳ ಸರಿದು ಒಳಗಿನ ಚಿನ್ನ ಕಾಣುತ್ತಿತ್ತು. ಎದುರು ಕುಳಿತ ನನ್ನ ವಯಸ್ಸಿನ ಹೆಂಗಸೊಬ್ಬರು ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, ಕೊನೆಗೆ ಕುಂದಾಪುರದ ಕಡೆಯ ರಾಗದಲ್ಲಿ, ಆಟದ ಕಿರೀಟವೋ ಎಂದು ಕೇಳಿದರು. ನಮ್ಮ ಕರಾವಳಿಯಲ್ಲಿ ಆಟವೆಂದರೆ ಯಕ್ಷಗಾನ. ನಾನು ಬಿಡಿಸಿ ಹೇಳಲೆಂದು ಬಾಯಿ ತೆರೆಯುವ ಮೊದಲೇ ಹುಡುಗಿ, ಹೌದು, ಆಟದ್ದೇ ಎಂದಳು. ಆಕೆ ಕೈ ಚಾಚಿ ಕಿರೀಟವನ್ನು ಎತ್ತಿಕೊಂಡು ಹಗುರ ಉಂಟು ಎಂದರು. ಆಮೇಲೆ ಮಗುಚಿ ನೋಡಿದರು.